ಟೊಮೆಟೊ ಬರುವ ಮುಂಚಿನ ಸಾರು

ಪ್ರಶ್ನೆ: ನಮ್ಮ ಮನೆಯಲ್ಲಿ ತಿಥಿಯ ದಿನ ಮಾಡುವ ಸಾರಿಗೆ ಟೊಮೆಟೊ ಇಲ್ಲ, ಮೆಣಸಿನಕಾಯಿಯೂ ಇಲ್ಲ. ಆದರೂ ಅದರ ರುಚಿಯೇ ಬೇರೆ. ಉಳಿದ ದಿನ ನಾನು ಟೊಮೆಟೊ ಬಿಟ್ಟು ಸಾರು ಮಾಡಿದರೆ ಒಂದೋ ಬರೀ ಹುಣಸೆನೀರಿನಂತೆ ಇರುತ್ತದೆ, ಇಲ್ಲವೇ ಕಹಿಯಾಗುತ್ತದೆ. ಹಿಂದಿನವರು ಹೇಗೆ ಮಾಡುತ್ತಿದ್ದರು? ರಸಂ ಹುಟ್ಟಿದ್ದು ಮಧುರೈಯಲ್ಲಿ, ಸಾಂಬಾರ್ ಬಂದದ್ದು ಸಂಭಾಜಿಯಿಂದ ಎನ್ನುವುದು ನಿಜವೇ?

ಉತ್ತರ: ನಿಮ್ಮ ಸಾರು ಕೆಡುತ್ತಿರುವುದು ಎಲ್ಲಿ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ, ಚರಿತ್ರೆ ಆಮೇಲೆ ನೋಡೋಣ. ನೀವು ಟೊಮೆಟೊ ಬಿಟ್ಟಿದ್ದೀರಿ, ಆದರೆ ಟೊಮೆಟೊಗೆ ಹೊಂದಿಕೊಂಡ ಸಾರಿನ ಪುಡಿಯನ್ನು ಬಿಟ್ಟಿಲ್ಲ. ಈಗಿನ ಪುಡಿಯಲ್ಲಿ ಮೆಣಸಿನಕಾಯಿ, ದನಿಯ ಹೆಚ್ಚು, ಅದರ ಜೊತೆ ಹುರಿದ ಮೆಂತ್ಯ, ಸಾಸಿವೆ. ಅದರ ಒರಟುತನವನ್ನು ಟೊಮೆಟೊದ ತಿರುಳು, ಸಿಹಿ, ಪಸೆ ಎಲ್ಲ ಸೇರಿ ನುಂಗಿಕೊಳ್ಳುತ್ತವೆ. ಟೊಮೆಟೊ ತೆಗೆದು ಆ ಜಾಗಕ್ಕೆ ಏನನ್ನೂ ಕೊಡದಿದ್ದರೆ ಮೆಂತ್ಯದ ಕಹಿ ನಾಲಿಗೆಗೆ ಹತ್ತುತ್ತದೆ, ಹುಣಸೆ ಒಂಟಿಯಾಗಿ ನಿಲ್ಲುತ್ತದೆ. ತಿಥಿ ಸಾರಿನಲ್ಲಿ ಆ ಜಾಗದಲ್ಲಿರುವುದು ಬೇಳೆ ಬೆಂದ ನೀರು, ಅಂದರೆ ಕಟ್ಟು. ಖಾರಕ್ಕೆ ಮೆಣಸು. (ಈ ಉತ್ತರದುದ್ದಕ್ಕೂ ಮೆಣಸು ಎಂದರೆ ಕಾಳುಮೆಣಸು.) ಹಳೆಯ ಸಾರಿನ ಗುಟ್ಟೆಲ್ಲ ಕಟ್ಟಿನಲ್ಲಿದೆ.

ಮಧುರೈ ಕತೆಗೆ ಬರೋಣ. ಕನ್ನಡದಲ್ಲಿ ಸಾರು, ತೆಲುಗಿನಲ್ಲಿ ಚಾರು, ತಮಿಳಿನಲ್ಲೂ ಸಾರು ಎಂದರೆ ಹಿಂಡಿ ತೆಗೆದ ರಸ. ಮೂರು ಭಾಷೆಗಳೂ ಹಂಚಿಕೊಂಡಿರುವ ಪದವಿರುವ, ಬೇಳೆ ಬೇಯಿಸುವ ಪ್ರತಿ ಮನೆಯಲ್ಲೂ ತಾನಾಗಿ ದೊರೆಯುವ ತಿಳಿಗೆ ಒಂದು ಊರನ್ನು ತವರು ಎಂದು ತೋರಿಸುವುದು, ಗಂಜಿ ಯಾವ ಊರಲ್ಲಿ ಹುಟ್ಟಿತು ಎಂದು ಕೇಳಿದಂತೆ. ಮಧುರೈಗೆ ಸಲ್ಲಬೇಕಾದದ್ದೇನೂ ಕಡಿಮೆಯಿಲ್ಲ, ಈ ಹಕ್ಕು ಮಾತ್ರ ನಿಲ್ಲುವುದಿಲ್ಲ.

ಸಂಭಾಜಿ ಕತೆ ಇನ್ನೂ ಸಲೀಸಾಗಿ ಬೀಳುತ್ತದೆ. ತಂಜಾವೂರಿನ ಮರಾಠಾ ಅರಮನೆಯಲ್ಲಿ ಆಮಟಿಗೆ (ಮರಾಠಿಗರ ಹುಳಿಬೇಳೆಗೆ) ಕೋಕಂ, ಅಂದರೆ ಪುನರ್ಪುಳಿ, ಸಿಗದೆ ಹುಣಸೆ ಹಾಕಿದರು, ಅತಿಥಿಯಾಗಿ ಬಂದ ಸಂಭಾಜಿಯ ಹೆಸರನ್ನೇ ಅದಕ್ಕಿಟ್ಟರು ಎನ್ನುವುದು ಕತೆ. ಶಿವಾಜಿಯ ಮಗ ಸಂಭಾಜಿ ಹುಟ್ಟಿದ್ದು 1657ರಲ್ಲಿ. ಮೈಸೂರಿನ ಕಂಠೀರವ ನರಸರಾಜ ಒಡೆಯರ ಮೇಲೆ ಗೋವಿಂದವೈದ್ಯ ಬರೆದ ‘ಕಂಠೀರವ ನರಸರಾಜ ವಿಜಯ’ 1648ರದು, ಅದರ ಊಟದ ವರ್ಣನೆಯಲ್ಲಿ ಹುಳಿ ಬರುತ್ತದೆ. ಬೇಳೆ, ತರಕಾರಿ, ಹುಣಸೆ ಸೇರಿದ ಪದಾರ್ಥಕ್ಕೆ ಹಳೇ ಮೈಸೂರಿನ ಮನೆಗಳಲ್ಲಿ ಇಂದಿಗೂ ಹುಳಿ ಎಂದೇ ಹೆಸರು, ಸಾಂಬಾರ್ ಎಂದು ಕರೆಯುವುದನ್ನು ಕಲಿಸಿದ್ದು ಬಹುಪಾಲು ಹೋಟೆಲು. ಹೆಸರು ತಂಜಾವೂರಿನ ಕಡೆಯಿಂದ ಬಂದಿರಲಿ, ಪದಾರ್ಥಕ್ಕಂತೂ ಸಂಭಾಜಿ ಹುಟ್ಟುವವರೆಗೆ ಕಾಯುವ ಅಗತ್ಯವಿರಲಿಲ್ಲ.

ಹುಳಿ ಎನ್ನುವ ಮಾತೇ ಹಳಗನ್ನಡದ ಪುಳಿ. ಪಕಾರವೆಲ್ಲ ಹಕಾರವಾದಾಗ ಪಾಲು ಹಾಲಾಯಿತು, ಪುಳಿ ಹುಳಿಯಾಯಿತು. ಪುಳಿಯೋಗರೆಯಲ್ಲಿ ಮಾತ್ರ ಹಳೆಯ ಪಕಾರ ಹಾಗೇ ಕೂತಿದೆ, ಅನ್ನಕ್ಕೆ ಹಿಂದಿದ್ದ ಓಗರ ಎಂಬ ಹೆಸರೂ ಅದರ ಪಕ್ಕದಲ್ಲಿದೆ. ಮಲೆನಾಡಿನ ತಂಬುಳಿಯೂ ಇದೇ ಬಳಗ: ತಣ್ಣನೆಯ ಹುಳಿ.

ಇನ್ನು ಖಾರ. ಕಲ್ಯಾಣ ಚಾಲುಕ್ಯರ ಕಾಲದ ಎರಡನೆಯ ಚಾವುಂಡರಾಯ ಸುಮಾರು 1025ರಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ಅಡುಗೆಯ ಭಾಗವೊಂದಿದೆ. ಅಲ್ಲಿ ಹೇಳಿರುವ ಇಡ್ಲಿಗೆ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬಿ, ಮೊಸರಿನ ತಿಳಿಯೊಂದಿಗೆ ಕಲಸಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಸೇರಿಸುತ್ತಾರೆ. ಈ ನಾಲ್ಕನ್ನು ಇನ್ನೊಮ್ಮೆ ಓದಿ. ನಿಮ್ಮ ಮನೆಯ ತಿಥಿ ಸಾರಿನ ಪುಡಿ ಬಹುತೇಕ ಇದೇ. ಸುಮಾರು 100 ವರ್ಷದ ನಂತರ, 1129ರ ಹೊತ್ತಿಗೆ, ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆಸಿದ ‘ಮಾನಸೋಲ್ಲಾಸ’ದ ಅಡುಗೆಯಲ್ಲೂ ಮೆಣಸು, ಜೀರಿಗೆ, ಇಂಗು ಮತ್ತೆ ಮತ್ತೆ ಬರುತ್ತವೆ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಬರೆದ ‘ಸೂಪಶಾಸ್ತ್ರ’ದಲ್ಲಿ ಬದನೆಕಾಯಿಗೆ ರಾಜಮರ್ಯಾದೆಯಿದೆ, ಮೆಣಸಿನಕಾಯಿಯ ಸುಳಿವಿಲ್ಲ. ಸೂಪ ಎಂದರೆ ಬೇಯಿಸಿದ ಬೇಳೆಯ ಪದಾರ್ಥ. ಪಾಕಶಾಸ್ತ್ರಕ್ಕೇ ಬೇಳೆಯ ಹೆಸರಿಟ್ಟ ಜನರ ನಡುವೆ ಕಟ್ಟಿನ ಬೆಲೆ ಏನಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಆಗ ಎಲ್ಲವೂ ನಮ್ಮ ಹಿತ್ತಲದ್ದೇ ಆಗಿತ್ತು ಎಂದುಕೊಳ್ಳಬೇಡಿ. ಇಂಗು ಆಗಲೂ ಈಗಲೂ ಇರಾನ್, ಅಫ್ಘಾನಿಸ್ತಾನದ ಕಡೆಯಿಂದ ಬರುವ ಸರಕು. ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಅದರ ಸಸಿ ನೆಟ್ಟು ಬೆಳೆಸುವ ಪ್ರಯತ್ನ ಶುರುವಾದದ್ದೇ 2020ರ ಅಕ್ಟೋಬರ್‌ನಲ್ಲಿ. ಹುಣಸೆಯ ಮೂಲವೂ ಆಫ್ರಿಕಾ, ಆದರೆ ಅದು ಬಂದು ಎಷ್ಟು ಕಾಲವಾಯಿತೆಂದರೆ ಹೊರಗಿನದು ಎಂದರೆ ಯಾರೂ ನಂಬುವುದಿಲ್ಲ.

ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. ಪೋರ್ಚುಗೀಸರು 1498ರಲ್ಲಿ ಕಲ್ಲಿಕೋಟೆಗೆ ಬಂದರು, 1510ರಲ್ಲಿ ಗೋವಾ ಹಿಡಿದರು, ಅವರ ಹಡಗಿನಲ್ಲಿ ಅದು ಬಂತು. ಪುರಂದರದಾಸರ ಅಂಕಿತವಿರುವ ಒಂದು ಕೀರ್ತನೆಯಲ್ಲಿ ಅದಾಗಲೇ ಬಡವರ ಆಪ್ತನಾಗಿ ಕಾಣಿಸಿಕೊಳ್ಳುತ್ತದೆ. ಇಲ್ಲೊಂದು ವಿಚಿತ್ರವಿದೆ. ಪೋರ್ಚುಗೀಸರು ಈ ಕರಾವಳಿಗೆ ಬಂದದ್ದೇ ಮೆಣಸಿಗಾಗಿ, ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅವರು ಮೆಣಸಿನ ರಾಣಿ ಎಂದೇ ಕರೆಯುತ್ತಿದ್ದರು. ಮೆಣಸು ಹೊತ್ತೊಯ್ಯಲು ಬಂದವರೇ ಮೆಣಸನ್ನು ಅಡುಗೆಮನೆಯ ಮೂಲೆಗೆ ತಳ್ಳುವ ಕಾಯಿಯನ್ನು ತಂದಿಳಿಸಿದರು. ಅದು ಗೆದ್ದದ್ದಕ್ಕೆ ರುಚಿಗಿಂತ ಬೇಸಾಯವೇ ಕಾರಣ. ಮೆಣಸಿನ ಬಳ್ಳಿಗೆ ಮಲೆನಾಡಿನ ಮಳೆ ಬೇಕು, ಹಬ್ಬಲು ಮರ ಬೇಕು, ಫಸಲು ಕೊಡಲು ಮೂರು ವರ್ಷ ಬೇಕು. ಮೆಣಸಿನಕಾಯಿ ಬಯಲುಸೀಮೆಯ ಹಿತ್ತಿಲಲ್ಲೂ ಮೂರು ತಿಂಗಳಿಗೆ ಕಾಯಿ ಬಿಡುತ್ತದೆ. ಕಾಸು ಕೊಟ್ಟು ತರುತ್ತಿದ್ದ ಖಾರ ಮನೆಯಲ್ಲೇ ಬೆಳೆಯತೊಡಗಿತು.

ಭಾಷೆಯಲ್ಲಿ ಇದರ ಗುರುತು ಉಳಿದಿದೆ. ಬಂದದ್ದಕ್ಕೆ ಹೊಸ ಹೆಸರಿಡದೆ ‘ಮೆಣಸಿನ ಕಾಯಿ’ ಎಂದರು. ಅದು ಮನೆಮಗನಾದ ಮೇಲೆ ಮೂಲ ಮೆಣಸಿಗೇ ಗುರುತು ಅಂಟಿಸಬೇಕಾಯಿತು: ಕಾಳುಮೆಣಸು, ಕರಿಮೆಣಸು, ಒಳ್ಳೆಮೆಣಸು. ತುಳುವಿನಲ್ಲಿ ಮುಂಚಿ ಎಂದರೆ ಈಗ ಮೆಣಸಿನಕಾಯಿ, ಕಾಳುಮೆಣಸು ಎಡ್ಡೆಮುಂಚಿ, ಅಂದರೆ ಒಳ್ಳೆಯ ಮುಂಚಿ. ನಿಮ್ಮ ಸಾರಿನ ಪುಡಿಯ ಡಬ್ಬವೂ ಹೀಗೇ. ಬ್ಯಾಡಗಿ ಮೆಣಸಿನಕಾಯಿ ಬಟ್ಟಲುಗಟ್ಟಲೆ ಇರುವ ಪುಡಿಗೆ ಅಜ್ಜಿಯಂದಿರು ಒಂದು ಚಮಚ ಮೆಣಸು ಹಾಕಿಯೇ ಹಾಕುತ್ತಾರೆ. ಖಾರಕ್ಕೆ ಅದು ಬೇಕಿಲ್ಲ, ಹಿಂದೆ ಇಡೀ ಡಬ್ಬ ಅದರದ್ದಾಗಿತ್ತು.

ಟೊಮೆಟೊ ಕೂಡ ಅಮೆರಿಕದ್ದೇ, ಆದರೆ ಮೆಣಸಿನಕಾಯಿಯಂತೆ ನುಗ್ಗಲಿಲ್ಲ. ನಮ್ಮ ಅಡುಗೆಮನೆಗಳಲ್ಲಿ ಅದು ದಿನನಿತ್ಯದ ಪದಾರ್ಥವಾದದ್ದು 20ನೆಯ ಶತಮಾನದಲ್ಲಿ. ಹಾಗಾಗಿ ತಿಥಿಯ ಎಲೆಯಲ್ಲಿ ಟೊಮೆಟೊ, ಆಲೂಗಡ್ಡೆ, ಕೋಸು, ಬೀನ್ಸ್ ಯಾವುದಕ್ಕೂ ಜಾಗವಿಲ್ಲ, ಬಾಳೆಕಾಯಿ, ಹಾಗಲಕಾಯಿ, ಗೋರಿಕಾಯಿಗಳಿಗಿದೆ. ಮಾಧ್ವ ಮನೆಗಳ ಚಾತುರ್ಮಾಸ್ಯದ ಶಾಕವ್ರತ ಇನ್ನೂ ಬಿಗಿ: ತರಕಾರಿ, ಹುಣಸೆ, ಮೆಣಸಿನಕಾಯಿ ಇಲ್ಲ. ಹೆಸರುಬೇಳೆ, ಮೆಣಸು, ಜೀರಿಗೆ, ಹುಳಿಗೆ ಮಾವು. ಆದರೂ ತಿಥಿ ಅಡುಗೆಯನ್ನು ಶಾಸನ ಓದುವಂತೆ ಓದಬಾರದು. ಸಿಹಿಗುಂಬಳ, ಗೆಣಸು ಎರಡೂ ಅಮೆರಿಕದವು, ಆದರೆ ಎಷ್ಟೋ ಮನೆಗಳಲ್ಲಿ ಸದ್ದಿಲ್ಲದೆ ಎಲೆಯ ಮೇಲೆ ಬಂದು ಕೂತಿವೆ. ಮನೆತನದಿಂದ ಮನೆತನಕ್ಕೆ ಪಟ್ಟಿ ಬೇರೆ.

ಈಗ ಒಲೆಯ ಮುಂದೆ. ತೊಗರಿಬೇಳೆಯ ಕಟ್ಟಿನಿಂದಲೂ ಮಾಡಬಹುದು, ಆದರೆ ನಾನು ಹೇಳುವುದು ಹುರುಳಿಯಿಂದ. ಬಳ್ಳಾರಿ ಬಳಿಯ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಸುಟ್ಟು ಕರಿಕಾದ ಹುರುಳಿ, ಹೆಸರು ಕಾಳು ಸಿಕ್ಕಿವೆ. ಈ ನೆಲದಲ್ಲಿ ಸಾರಿಗೆ ಇದಕ್ಕಿಂತ ಹಳೆಯ ಕಾಳು ಹುಡುಕುವುದು ಕಷ್ಟ. ಕಟ್ಟೂ ಗಾಢವಾಗಿ ಬರುತ್ತದೆ.

ನಾಲ್ಕು ಜನಕ್ಕೆ 150 ಗ್ರಾಂ ಹುರುಳಿ. ಕಲ್ಲು ಆರಿಸಿ (ಹುರುಳಿಯಲ್ಲಿ ಅದೇ ಬಣ್ಣದ ಕಲ್ಲಿರುತ್ತದೆ, ತಟ್ಟೆಯಲ್ಲಿ ಹರಡಿಯೇ ನೋಡಬೇಕು), ತೊಳೆದು, 8 ರಿಂದ 10 ಗಂಟೆ ನೆನೆಸಿ. ಆ ನೀರು ಚೆಲ್ಲಿ, 1¼ ಲೀಟರ್ ಹೊಸ ನೀರಿನೊಂದಿಗೆ ಕುಕ್ಕರಿನಲ್ಲಿ 6 ರಿಂದ 7 ಕೂಗು ಕೂಗಿಸಿ, ಉರಿ ಸಣ್ಣ ಮಾಡಿ ಇನ್ನೂ 10 ನಿಮಿಷ ಬಿಡಿ. ಉಪ್ಪು, ಹುಣಸೆ ಈಗ ಬೇಡ. ಹುಳಿ ಸೇರಿದರೆ ಕಾಳಿನ ಸಿಪ್ಪೆ, ಒಡಲು ಬಿಗಿದುಕೊಂಡು ಎಷ್ಟು ಕೂಗಿದರೂ ಮೆತ್ತಗಾಗದು. ಪ್ರೆಷರ್ ತಾನಾಗಿ ಇಳಿದ ಮೇಲೆ ಬಸಿಯಿರಿ. 850 ರಿಂದ 900 ಮಿಲಿಲೀಟರ್ ಕಟ್ಟು ಬರಬೇಕು, ಕಡಿಮೆಯಾದರೆ ಬಿಸಿನೀರಿನಿಂದ ಸರಿತೂಗಿಸಿ. ಬೆಂದ ಕಾಳಿನಲ್ಲಿ ಎರಡು ದೊಡ್ಡ ಚಮಚ ನುಣ್ಣಗೆ ರುಬ್ಬಿ ಕಟ್ಟಿಗೆ ಸೇರಿಸಿ, ಮಿಕ್ಕದ್ದು ಪಲ್ಯಕ್ಕೆ. ಎರಡೇ ಚಮಚ. ಹೆಚ್ಚು ಹಾಕಿದರೆ ಅದು ಸಾರಲ್ಲ, ಹುಳಿಯೂ ಅಲ್ಲ, ನಡುವೆ ಸಿಕ್ಕಿಕೊಂಡ ಯಾವುದೋ ಒಂದು.

ಹುಣಸೆ 20 ಗ್ರಾಂ, ಅಂದರೆ ಸಣ್ಣ ನಿಂಬೆಹಣ್ಣಿನ ಗಾತ್ರ. 150 ಮಿಲಿಲೀಟರ್ ಬಿಸಿನೀರಿನಲ್ಲಿ 20 ನಿಮಿಷ ನೆನೆಸಿ ಕಿವುಚಿ ಸೋಸಿಕೊಳ್ಳಿ. ವರ್ಷ ದಾಟಿದ ಹಳೆಯ ಹುಣಸೆ ಕಪ್ಪಗಿರುತ್ತದೆ, ಸಾರಿನ ಬಣ್ಣವೂ ಕಪ್ಪಾಗುತ್ತದೆ, ಅದಕ್ಕೆ ಗಾಬರಿ ಬೇಡ.

ಪುಡಿಗೆ ಮೆಣಸು ಒಂದೂವರೆ ಟೀ ಚಮಚ, ಜೀರಿಗೆ ಎರಡು ಟೀ ಚಮಚ, ದನಿಯ ಒಂದು ದೊಡ್ಡ ಚಮಚ, ಮೆಂತ್ಯ ಕಾಲು ಟೀ ಚಮಚಕ್ಕಿಂತ ಒಂದು ಕಾಳೂ ಹೆಚ್ಚಿಲ್ಲ. ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ ಮೊದಲು ದನಿಯ, ಮೆಂತ್ಯ ಮೂರು ನಿಮಿಷ, ಆಮೇಲೆ ಜೀರಿಗೆ ಒಂದು ನಿಮಿಷ, ಕೊನೆಗೆ ಮೆಣಸು ಅರ್ಧ ನಿಮಿಷ. ಮೆಂತ್ಯ ಹೊಂಬಣ್ಣಕ್ಕೆ ಬಂದೊಡನೆ ಇಳಿಸಬೇಕು. ಕೆಂಪು ದಾಟಿ ಕಂದಾದರೆ ಆ ಕಹಿಗೆ ಬೆಲ್ಲವೂ ಮದ್ದಲ್ಲ, ಚೆಲ್ಲಿ ಹೊಸದಾಗಿ ಹುರಿಯಿರಿ. ನಿಮ್ಮ ಸಾರಿನ ಕಹಿ ಬಹುಶಃ ಇಲ್ಲಿಂದಲೇ ಬರುತ್ತಿದೆ. ಆರಿದ ಮೇಲೆ ಕುಟ್ಟಾಣಿಯಲ್ಲಿ ತರಿತರಿಯಾಗಿ ಕುಟ್ಟಿ. ಮಿಕ್ಸಿಯಾದರೆ ಎರಡು ಸುತ್ತು ತಿರುಗಿಸಿ ನಿಲ್ಲಿಸಿ. ನುಣ್ಣಗಾದ ಪುಡಿ ತಳ ಸೇರಿ ಕೆಸರಾಗುತ್ತದೆ, ಬಡಿಸುವಾಗ ಮೊದಲನೆಯವರಿಗೆ ನೀರು, ಕೊನೆಯವರಿಗೆ ಗಸಿ.

ಹುಣಸೆರಸಕ್ಕೆ ಒಂದು ಲೋಟ ನೀರು, ಒಂದೂವರೆ ಟೀ ಚಮಚ ಉಪ್ಪು, 10 ಗ್ರಾಂ ಬೆಲ್ಲ, ಒಂದು ಎಸಳು ಕರಿಬೇವು ಹಾಕಿ 6 ರಿಂದ 8 ನಿಮಿಷ ಕುದಿಸಿ. ಹಸಿ ವಾಸನೆ ಹೋಗಬೇಕು, ಮೂಗೇ ಗಡಿಯಾರ. ಹುಣಸೆಯ ಹುಳಿ ಕುದಿಸಿದರೆ ಆವಿಯಾಗಿ ಹೋಗುವುದಿಲ್ಲ, ಆದ್ದರಿಂದ ಇಲ್ಲಿ ಹೆದರಬೇಕಿಲ್ಲ. ಒಂದು ಲೋಟ ಕಟ್ಟು ಪಕ್ಕಕ್ಕಿಟ್ಟು ಉಳಿದದ್ದನ್ನು ಸುರಿಯಿರಿ. ಅಂಚಿನಲ್ಲಿ ನೊರೆ ಕಟ್ಟತೊಡಗಿದಾಗ ಪುಡಿ ಹಾಕಿ ಎರಡೇ ನಿಮಿಷ. ನೊರೆ ಉಕ್ಕಿ ಮೇಲೆದ್ದ ಕೂಡಲೇ ಇಳಿಸಿ. ಮೆಣಸಿನಲ್ಲಿ ಎರಡು ಗುಣ ಬೇರೆಬೇರೆ ಕೂತಿವೆ. ಘಮ ಇರುವುದು ಆವಿಯಾಗುವ ಎಣ್ಣೆಯಲ್ಲಿ, ಅದು ಕುದಿದಷ್ಟೂ ಹಾರಿಹೋಗುತ್ತದೆ. ಖಾರ ಇರುವುದು ಪೈಪರೀನ್ ಎಂಬ ಅಂಶದಲ್ಲಿ, ಅದು ಎಲ್ಲಿಗೂ ಹೋಗದು. ಹತ್ತು ನಿಮಿಷ ಕುದಿಸಿದ ಮೆಣಸಿನ ಸಾರು ಗಂಟಲು ಸುಡುತ್ತದೆ, ಮೂಗಿಗೆ ಏನನ್ನೂ ಹೇಳುವುದಿಲ್ಲ. ಪೈಪರೀನ್ ನೀರಿಗಿಂತ ಜಿಡ್ಡಿನಲ್ಲಿ ಚೆನ್ನಾಗಿ ಕರಗುವುದರಿಂದ ಮೇಲಿನ ಒಗ್ಗರಣೆಗೆ ತುಪ್ಪವೇ ಆಗಬೇಕು: ಒಂದು ದೊಡ್ಡ ಚಮಚ ತುಪ್ಪ, ಅರ್ಧ ಟೀ ಚಮಚ ಸಾಸಿವೆ, ಇಂಗು. ಅಂಗಡಿಯ ಪುಡಿಇಂಗಿನಲ್ಲಿ ಹಿಟ್ಟು, ಅಂಟು ಬೆರೆತಿರುತ್ತವೆ, ಅದಾದರೆ ಕಾಲು ಟೀ ಚಮಚ, ಗಟ್ಟಿ ಇಂಗಾದರೆ ಸಾಸಿವೆಕಾಳಿನ ಎರಡರಷ್ಟು ಸಾಕು. ಮುಚ್ಚಿ 10 ನಿಮಿಷ ಬಿಟ್ಟು ಬಡಿಸಿ.

ಹುಳಿ ಮುಂದಾದರೆ ನೀರು ಬೆರೆಸಬೇಡಿ, ಕಟ್ಟು ಬೆರೆಸಿ. ನೀರು ಹುಳಿಯನ್ನಷ್ಟೇ ಅಲ್ಲ, ಎಲ್ಲವನ್ನೂ ತೆಳುವಾಗಿಸುತ್ತದೆ. ಅದಕ್ಕೇ ಒಂದು ಲೋಟ ಕಟ್ಟು ಕೊನೆಯವರೆಗೂ ಪಕ್ಕದಲ್ಲಿರಲಿ.

ಪಾತ್ರೆಯ ಮಾತು ಬಂದರೆ, ಹಳೆಯದೆಂಬ ಮೋಹದಲ್ಲಿ ಅಟ್ಟದ ಹಿತ್ತಾಳೆ ಪಾತ್ರೆ ಇಳಿಸುವವರಿದ್ದಾರೆ. ಕಲಾಯಿ ಹೋದ ಹಿತ್ತಾಳೆಯಲ್ಲಿ ಹುಣಸೆ ಬಿದ್ದರೆ ಕಿಲುಬು ಬಿಟ್ಟು ವಾಂತಿಗೆ ದಾರಿ. ಒಳಗೆ ಬೆಳ್ಳಗೆ ಕಲಾಯಿ ಇದ್ದರೆ ಸರಿ, ಇಲ್ಲವಾದರೆ ಸ್ಟೀಲು. ಕಲ್ಚಟ್ಟಿಯಿದ್ದರೆ ಅದು ಎಲ್ಲಕ್ಕಿಂತ ಮೇಲು, ಆದರೆ ಇಳಿಸಿದ ಮೇಲೂ ಅದರೊಳಗೆ ಕುದಿ ನಿಲ್ಲುವುದಿಲ್ಲ. ಅದರಲ್ಲಿ ಮಾಡುವುದಾದರೆ ಪುಡಿ ಹಾಕಿದ ಕೂಡಲೇ ಒಲೆ ಆರಿಸಿ.

ಟೊಮೆಟೊ ಹಾಕಬಾರದೇ? ಧಾರಾಳವಾಗಿ ಹಾಕಿ. ಬಾಯಿ ತುಂಬಿದಂತೆ ಮಾಡುವ ಪಸೆ ರುಚಿ (ಉಮಾಮಿ) ಕೊಡುವ ಗ್ಲುಟಮೇಟ್ ಎಂಬ ಅಂಶ ಅದರಲ್ಲಿದೆ, ಜನ ಅದಕ್ಕೆ ಮಾರುಹೋದದ್ದು ಸುಮ್ಮನೆ ಅಲ್ಲ. ಹುಣಸೆಗೆ ಅದು ಬದಲಿಯಲ್ಲ ಅಷ್ಟೆ. 100 ಗ್ರಾಂ ಟೊಮೆಟೊದಲ್ಲಿ ಆಮ್ಲ ಸುಮಾರು ಅರ್ಧ ಗ್ರಾಂ, 100 ಗ್ರಾಂ ಹುಣಸೆ ತಿರುಳಿನಲ್ಲಿ 10 ಗ್ರಾಂ ದಾಟುತ್ತದೆ. ಎರಡು ಹಣ್ಣು ಹಾಕಿ ಹುಣಸೆ ಪೂರ್ತಿ ಬಿಟ್ಟರೆ ಸಾರು ಸಪ್ಪೆಯಾಗುವುದೇ ಲೆಕ್ಕ. ಸಾಗಣೆಗೆಂದು ಬೆಳೆಸಿದ ದಪ್ಪ ಸಿಪ್ಪೆಯ ಹೈಬ್ರಿಡ್ ಹಣ್ಣಿಗಿಂತ ನಾಟಿ ಹಣ್ಣು ಸಾರಿಗೆ ಲೇಸು. ಬೀಜದ ಸುತ್ತಲಿನ ಲೋಳೆಯಲ್ಲೇ ಹುಳಿಯೂ ಪಸೆಯೂ ಹೆಚ್ಚಿರುವುದು, ನಾಟಿಯಲ್ಲಿ ಅದು ಧಾರಾಳ. ಬೀಜ ತೆಗೆದು ಹಾಕುವವರು ರುಚಿಯನ್ನೇ ತೆಗೆದು ಹಾಕುತ್ತಿದ್ದಾರೆ.

ಹುಣಸೆಯೊಂದೇ ಹುಳಿಯೂ ಅಲ್ಲ. ಕರಾವಳಿಯಲ್ಲಿ ಪುನರ್ಪುಳಿ, ಉತ್ತರ ಕನ್ನಡದ ಕಡೆ ಅದೇ ಮುರುಗಲು: 10 ರಿಂದ 12 ಒಣಸಿಪ್ಪೆ ಅರ್ಧ ಲೀಟರ್ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆದರೆ ಕೆಂಪು ಸಾರಿಗೆ ಸಾಕು. ಹೆಚ್ಚು ಕುದಿಸಿದರೆ ಒಗರು. ಕಾಯಿಹಾಲು ಬೆರೆಸುವುದಿದ್ದರೆ ಆರಿದ ಮೇಲೆ, ಬಿಸಿಯಲ್ಲಿ ಒಡೆಯುತ್ತದೆ. ಶಿರಸಿ ಸೀಮೆಯ ಅಪ್ಪೆಹುಳಿಗೆ ಹುಳಿಮಾವಿನಕಾಯಿ, ಬೇಳೆಯೇ ಇಲ್ಲ, ಊಟದ ಜೊತೆ ಲೋಟದಲ್ಲಿ ಕುಡಿಯುವಷ್ಟು ತೆಳು. ಕೊಡಗಿನ ಕಾಚಂಪುಳಿ ಇವೆಲ್ಲಕ್ಕಿಂತ ಉಗ್ರ. ಮಳೆಗಾಲದಲ್ಲಿ ಹಣ್ಣಾಗಿ ಉದುರಿದ ಪಣಪುಳಿಯನ್ನು ಬುಟ್ಟಿಯಲ್ಲಿ ಪೇರಿಸಿ, ಕೆಳಗೆ ತೊಟ್ಟಿಕ್ಕಿದ ರಸವನ್ನು ಮಡಕೆಯಲ್ಲಿ ಕಪ್ಪು ಪಾಕವಾಗುವವರೆಗೆ ಕಾಯಿಸುತ್ತಾರೆ. ಪಂದಿಕರಿಗೆ ಅದನ್ನು ಹಾಕುವುದು ಕೊನೆಯಲ್ಲಿ, ಚಮಚದ ಲೆಕ್ಕದಲ್ಲಿ. ಸಾರಿಗೆ ಪ್ರಯೋಗ ಮಾಡುವುದಾದರೆ ಹನಿ ಲೆಕ್ಕದಲ್ಲಿ ಮಾಡಿ.

ಒಬ್ಬಟ್ಟಿನ ಸಾರು, ಉತ್ತರ ಕರ್ನಾಟಕದ ಹೋಳಿಗೆ ಕಟ್ಟಿನ ಸಾರು, ಹಳೇ ಮೈಸೂರಿನ ಬಸ್ಸಾರು ಎಲ್ಲದರ ಬೇರೂ ಇದೇ: ಬೇರೆ ಯಾವುದಕ್ಕೋ ಬೇಯಿಸಿದ್ದರ ಬಸಿದ ನೀರನ್ನು ಚೆಲ್ಲದಿರುವುದು. ಹುರುಳಿ ನಿಮಗೆ ಒಗ್ಗದಿದ್ದರೆ ಮುಂದಿನ ಸಲ ಒಬ್ಬಟ್ಟಿಗೆ ಕಡಲೆಬೇಳೆ ಬೇಯಿಸಿದಾಗ, ಬೆಲ್ಲ ಹಾಕುವ ಮುಂಚೆ, ಕಟ್ಟು ಬಸಿದಿಡಿ. ಮೇಲಿನ ಅಳತೆಯ ಪುಡಿ, ಹುಣಸೆ ಅದಕ್ಕೂ ಹೊಂದುತ್ತವೆ, ಬೆಲ್ಲ ಮಾತ್ರ ಅರ್ಧ ಸಾಕು.